ಹೊರದೂಡುವ ಬಲ: ಸತ್ಯವೋ, ತೋರಿಕೆಯೋ?

ಜಮಖಂಡಿ, ಮುಧೋಳ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಪಾಕ ಹರಳುಗಟ್ಟಿದ ಮೇಲೆ ಅದನ್ನು ಸಣ್ಣ ತೂತುಗಳಿರುವ ಡ್ರಮ್ಮಿಗೆ ಹಾಕಿ ರಭಸದಿಂದ ತಿರುಗಿಸುತ್ತಾರೆ. ಕಾಕಂಬಿ ತೂತುಗಳಿಂದ ಸಿಡಿದು ಹೋಗುತ್ತದೆ, ಸಕ್ಕರೆ ಗೋಡೆಗೆ ಕಚ್ಚಿಕೊಂಡು ಉಳಿಯುತ್ತದೆ. ಯಾವುದೋ ಬಲ ಎರಡನ್ನೂ ಹೊರಕ್ಕೆ ದೂಡುತ್ತಿದೆ ಎಂದೇ ನೋಡಿದವರಿಗೆ ಅನಿಸುತ್ತದೆ. ಹೊರಗೆ ನಿಂತು ಲೆಕ್ಕ ಹಾಕುವ ಭೌತಶಾಸ್ತ್ರಕ್ಕೆ ಅಂಥ ಬಲ ಸಿಗುವುದಿಲ್ಲ.

ಯಾವ ಬಲವೂ ತಾಗದಿದ್ದರೆ ಚಲಿಸುವ ವಸ್ತು ನೇರವಾಗಿ ಸಾಗುತ್ತದೆ. ವೃತ್ತದಲ್ಲಿ ಸುತ್ತುವ ವಸ್ತುವಿನ ಜವ ಬದಲಾಗದಿದ್ದರೂ ದಿಕ್ಕು ಬದಲಾಗುತ್ತಲೇ ಇರುತ್ತದೆ. ದಿಕ್ಕು ಬದಲಾದರೂ ವೇಗೋತ್ಕರ್ಷವೇ. ಅದು ಸದಾ ಕೇಂದ್ರದ ಕಡೆಗಿರುತ್ತದೆ. ಜವದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಅದರ ಪ್ರಮಾಣ ಸಿಗುತ್ತದೆ. 0.6 ಮೀಟರ್ ತ್ರಿಜ್ಯದ ಡ್ರಮ್ಮು ನಿಮಿಷಕ್ಕೆ 1,200 ಸುತ್ತು ತಿರುಗಿದರೆ ಅದು ಭೂಗುರುತ್ವ ವೇಗೋತ್ಕರ್ಷದ ಸುಮಾರು 965 ಪಟ್ಟಾಗುತ್ತದೆ. ಇದಕ್ಕೆ ಬೇಕಾದ ಕೇಂದ್ರಾಭಿಮುಖ ಬಲವನ್ನು ಸಕ್ಕರೆಗೆ ಕೊಡುವುದು ಒಳಮುಖವಾಗಿ ಒತ್ತುವ ಗೋಡೆ. ತೂತಿನ ಬಳಿ ಬಂದ ಕಾಕಂಬಿಗೆ ಆ ಒತ್ತಾಸೆ ಇಲ್ಲ. ಅದು ತನ್ನ ನೇರ ದಾರಿ ಹಿಡಿಯುತ್ತದೆ.

ಹಾಗಾದರೆ ಹೊರಮುಖ ಬಲ ಬರಿಯ ಭ್ರಮೆಯೇ? ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ತತ್ತ್ವಜ್ಞಾನಿ ರಾಮಚಂದ್ರ ದತ್ತಾತ್ರೇಯ ರಾನಡೆ ತಮ್ಮ 1926ರ ಉಪನಿಷತ್ ಅಧ್ಯಯನದಲ್ಲಿ ಕಾಣುವ ಜಗತ್ತು ತೋರಿಕೆ ಎನ್ನುವ ಮಾಯಾವಾದದ ಬೇರುಗಳನ್ನು ಹುಡುಕಿದರು. ತೋರುವುದೆಲ್ಲ ಒಂದೇ ಬಗೆಯ ಸುಳ್ಳಲ್ಲ ಎಂಬ ಅದ್ವೈತದ ವಿವೇಚನೆ ಇಲ್ಲಿ ನಿಜಕ್ಕೂ ನೆರವಾಗುತ್ತದೆ. ಹಗ್ಗದಲ್ಲಿ ಕಂಡ ಹಾವು ಪ್ರಾತಿಭಾಸಿಕ, ಅಂದರೆ ಬರಿಯ ತೋರಿಕೆ. ಹಗ್ಗವೆಂದು ತಿಳಿದೊಡನೆ ಹಾವಿಲ್ಲ. ಹೊರಮುಖ ಬಲ ಹಾಗೆ ತಿಳಿವಿನಿಂದ ಅಳಿಯುವುದಿಲ್ಲ. ಡ್ರಮ್ಮಿನೊಡನೆ ತಿರುಗುವವನ ಪಾಲಿಗೆ ಸಕ್ಕರೆ ನಿಶ್ಚಲ. ಗೋಡೆ ಒಳಕ್ಕೆ ಒತ್ತುತ್ತಿದ್ದರೂ ಅದು ಏಕೆ ಕದಲದು ಎಂದು ವಿವರಿಸಲು ಅವನು ಹೊರಮುಖ ಬಲವೊಂದನ್ನು ಸೇರಿಸಿಕೊಳ್ಳಲೇಬೇಕು, ಸೇರಿಸಿಕೊಂಡರೆ ಲೆಕ್ಕವೂ ಸರಿಹೋಗುತ್ತದೆ. ಇದು ವ್ಯಾವಹಾರಿಕ ಸತ್ಯಕ್ಕೆ ಹತ್ತಿರ. ಆದರೆ ಹೊರಗೆ ನಿಂತವನ ನೋಟವನ್ನು ಪಾರಮಾರ್ಥಿಕ, ಅಂದರೆ ಪರಮ ಸತ್ಯ, ಎನ್ನುವುದು ಅತಿಯಾದೀತು. ಅವನೂ ಅಳೆಯುವ ಜಗತ್ತಿನೊಳಗೇ ಇದ್ದಾನೆ, ಅವನ ಕಾಲಡಿಯ ಭೂಮಿಯೂ ತಿರುಗುತ್ತಿದೆ.

ಎರಡು ನೋಟಗಳೂ ಸಮಾನವೇ ಎಂಬುದು ಇನ್ನೂ ಕಠಿಣ ಪ್ರಶ್ನೆ. ತಿರುಗುವ ಬಕೆಟ್ಟಿನಲ್ಲಿ ನೀರಿನ ಮೇಲ್ಮೈ ನಡುವೆ ತಗ್ಗಿ ಅಂಚಿಗೆ ಏರುವುದನ್ನು ತೋರಿಸಿ, ತಿರುಗುವಿಕೆ ನಿರಪೇಕ್ಷ ಆಕಾಶಕ್ಕೆ ಸಂಬಂಧಿಸಿದ್ದು ಎಂದು ನ್ಯೂಟನ್ 1687ರಲ್ಲಿ ವಾದಿಸಿದ. ಕಣ್ಣಿಗೂ ಅಳತೆಗೂ ಸಿಗದ ಆ ಆಕಾಶವನ್ನು 1883ರಲ್ಲಿ ಭೌತಶಾಸ್ತ್ರಜ್ಞ ಅರ್ನ್ಸ್ಟ್ ಮಾಖ್ ತಳ್ಳಿಹಾಕಿ, ತಿರುಗುವಿಕೆಯನ್ನು ದೂರದ ನಕ್ಷತ್ರಗಳಿಗೆ ಹೋಲಿಸಿಯೇ ಹೇಳಬೇಕೆಂದ. ಐನ್‌ಸ್ಟೈನ್ ಈ ವಿಚಾರಕ್ಕೆ ಮನಸೋತರೂ ಅವನ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಅದನ್ನು ಪೂರ್ತಿಯಾಗಿ ಒಳಗೊಳ್ಳಲಿಲ್ಲ.