ಮನೆಯ ಹಳೆಯ ಸಾಮಾನುಗಳೂ ಒಲೆಯ ಬಳಿಯ ಮಕ್ಕಳೂ

(ಓದತಕ್ಕ ಭಾಗ: ೨ ಅರಸುಗಳು ೪: ೮–೧೧)



ಶೂನೇಮೆಂಬ ಊರಿನಲ್ಲಿದ್ದ ಆ ಸ್ತ್ರೀಯು ಸ್ಥಿತಿವಂತಳು. ದೇವರ ಮನುಷ್ಯನಾದ ಎಲೀಷನು ತನ್ನ ಊರಿನ ಮಾರ್ಗವಾಗಿ ಹೋಗಿ ಬರುವದನ್ನು ಕಂಡು, ಅವನಿಗೋಸ್ಕರ ಮಾಳಿಗೆಯ ಮೇಲೆ ಒಂದು ಚಿಕ್ಕ ಕೋಣೆಯನ್ನು ಕಟ್ಟಿಸಬೇಕೆಂದು ಗಂಡನ ಸಂಗಡ ಆಲೋಚಿಸಿದಳು. ಅದರಲ್ಲಿ ಇಡತಕ್ಕವುಗಳೆಂದು ಅವಳು ಎಣಿಸಿದ್ದೆಷ್ಟು? ಮಂಚ, ಮೇಜು, ಪೀಠ, ದೀಪಸ್ತಂಭ, ಇಷ್ಟೇ. ಅವು ಹೊಸವೋ ಹಳೆಯವೋ ಎಂಬದು ಅಲ್ಲಿ ಬರೆದಿಲ್ಲ; ಎಲೀಷನು ವಿಚಾರಿಸಿದನೆಂದೂ ಬರೆದಿಲ್ಲ. ದಣಿದವನಿಗೆ ವಿಶ್ರಾಂತಿಯಾಯಿತು, ಅದೇ ಸಾಕಾಗಿತ್ತು.

ಈ ಭಾಗವನ್ನು ನಾವು ಅನೇಕಾವರ್ತಿ ಓದಿದ್ದೆವು. ಆದರೂ ಅದು ನಮ್ಮ ಮನೆಯ ಹೊಸ್ತಿಲನ್ನು ದಾಟುವದಕ್ಕೆ ಬಹಳ ವರುಷ ಹಿಡಿಯಿತು. ನಮ್ಮ ತಪ್ಪನ್ನೇ ಇಲ್ಲಿ ಹೇಳುತ್ತೇವೆ, ನಿಮಗೆ ಎಚ್ಚರಿಕೆಯಾದೀತು.

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಮನೆಗಳಲ್ಲಿ ಒಬ್ಬರೇ ಕೊಂಡು ತಂದ ಸಾಮಾನುಗಳು ಕಡಿಮೆ. ತೊಟ್ಟಿಲು ಅಕ್ಕನ ಮನೆಯಿಂದ ಬಂದದ್ದು. ಕೌದಿಯು ಅವ್ವನ ಹಳೆಯ ಸೀರೆಗಳಿಂದ ಹೊಲಿದದ್ದು. ಬೀಸುವ ಕಲ್ಲು ಯಾವ ಕಾಲದ್ದೋ ಹೇಳುವವರಿಲ್ಲ. ನಮ್ಮ ಮನೆಯಲ್ಲಿಯೂ ಮುತ್ಯಾನ ಕಾಲದ ಒಂದು ಹೊರಸು ಉಂಟು. ಕಾಲುಗಳು ಬೇವಿನವು, ಹಗ್ಗವು ಪುಂಡಿನಾರಿನದು. ಆಯಿಯು ಹಿಟ್ಟು ನಾದುತ್ತಿದ್ದ ಕಟ್ಟಿಗೆಯ ಕೊಣಮಿಗೆಯೂ ಉಂಟು. ಅದರ ನಡುವೆ ಆಕೆಯ ಅಂಗೈ ಸವೆಸಿದ ಗುಳಿ ಇದೆ. ಒಮ್ಮೆ ಪಟ್ಟಣದ ಬೀಗರು ಬರುವರೆಂದು ತಿಳಿದಾಗ ನಾವು ಈ ಹೊರಸಿಗೆ ನಾಚಿ, ಬಡ್ಡಿಗೆ ಹಣ ತಂದು ಮಂಚವನ್ನು ಕೊಳ್ಳುವದಕ್ಕೆ ಎದ್ದೆವು. ಮೂಲೆಯಲ್ಲಿ ಕುಳಿತಿದ್ದ ಆಯಿಯು, "ಹಗ್ಗ ಹರದಾವ, ಕಾಲು ಗಟ್ಟಿ ಅವ. ಹೊಸ ಹಗ್ಗ ಹಾಕ್ರಿ. ಸಾಲದ ಮಂಚದ ಮ್ಯಾಲ ನಿದ್ದಿ ಹತ್ತಲ್ಲ" ಅಂದಳು. ನಾವು ಕೇಳಲಿಲ್ಲ. ಆ ಮಂಚದ ಬಡ್ಡಿಯನ್ನು ಮೂರು ಸುಗ್ಗಿಗಳ ತನಕ ತೆತ್ತೆವು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಅದೇ ದಿವಸಗಳಲ್ಲಿ ನಮ್ಮ ಮಗನು, ಏಳು ವರುಷದವನು, ಆಯಿಯ ಪಕ್ಕದಲ್ಲಿ ಕುಳಿತು ರೊಟ್ಟಿಯನ್ನು ಬಡಿಯಲು ಹೋಗಿ ಹಿಟ್ಟನ್ನು ನೆಲಕ್ಕೆ ಚೆಲ್ಲಿದನು. "ಗಂಡುಹುಡುಗನಿಗೆ ಒಲೆಯ ಮುಂದೆ ಏನು ಕೆಲಸ?" ಎಂದು ಗದರಿಸಿ ಎಬ್ಬಿಸಿದೆವು. ಅವನು ಎದ್ದು ಹೋದನು. ತಿರಿಗಿ ಒಲೆಯ ಬಳಿಗೆ ಬರಲಿಲ್ಲ. ಹತ್ತೊಂಬತ್ತನೆಯ ವರುಷದಲ್ಲಿ, ನಮ್ಮ ಸೀಮೆಯ ಅನೇಕರಂತೆ, ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರಿದನು. ಅಕ್ಕಿ, ಹಿಟ್ಟು, ಒಲೆ ಎಲ್ಲವೂ ಅಲ್ಲಿದ್ದವು. ಅನ್ನಕ್ಕೆ ಇಡುವದೂ ಅವನಿಗೆ ತಿಳಿಯದು. ಚಹಾದಲ್ಲಿ ಬನ್ನನ್ನು ಅದ್ದಿ ತಿಂದು ದಿವಸಗಳನ್ನು ಕಳೆದು, ಕೂಲಿಯನ್ನೂ ದೇಹವನ್ನೂ ಕಳಕೊಂಡು, ಜ್ವರದಿಂದ ಮನೆಗೆ ಬಂದನು. ಆಯಿಯು ಅವನನ್ನು ಆ ಹಳೆಯ ಹೊರಸಿನ ಮೇಲೆಯೇ ಮಲಗಿಸಿದಳು. ಮೈ ಚೇತರಿಸಿಕೊಂಡ ಮೇಲೆ ಕೊಣಮಿಗೆಯ ಮುಂದೆ ಕೂಡ್ರಿಸಿದಳು.

ಆಕೆಯು ಕಲಿಸಿದ ಬಗೆಯನ್ನು ಕೇಳಿರಿ. ಜೋಳದ ಹಿಟ್ಟಿಗೆ ಗೋಧಿಯಂತೆ ತಾನಾಗಿ ಹಿಡಿದುಕೊಳ್ಳುವ ಗುಣವಿಲ್ಲ. ಕುದಿಯುವ ಎಸರನ್ನು ಹಾಕಿ, ಬಿಸಿ ಇರುವಾಗಲೇ ನಾದಬೇಕು. ಹಿಟ್ಟು ಹಳೆಯದಾದರೆ ರೊಟ್ಟಿಯು ಅಂಚಿನಲ್ಲಿ ಸೀಳುವದು. ಅವಸರದಿಂದ ಬಡಿದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಅದು ಆರುವಷ್ಟರಲ್ಲಿ ತಿರುವಿ ಹಾಕಬೇಕು. ಇದನ್ನು ಬಾಯಿಮಾತಿನಿಂದ ಯಾರೂ ಕಲಿಯಲಾರರು. ಹತ್ತಿರ ಕುಳಿತು, ಹತ್ತು ರೊಟ್ಟಿ ಕೆಡಿಸಿ, ಹನ್ನೊಂದನೆಯದನ್ನು ನೆಟ್ಟಗೆ ಮಾಡಬೇಕು. ಮರುವರುಷ ಅವನು ಗುಳೆ ಹೋಗುವಾಗ ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಒಂದು ಹಂಚು, ಒಂದು ಕೌದಿ, ಇವು ಸಂಗಡ ಹೋದವು. ಹೊರಸು ಇಲ್ಲಿಯೇ ಉಳಿಯಿತು. ಆಯಿಯ ಕೈ ಅವನ ಕೈಯೊಳಗೆ ಹೋಯಿತು.

ಪ್ರಿಯರೇ, ಹಿರಿಯರಿಂದ ಬಂದದ್ದೆಲ್ಲಾ ಕೀಳೆಂದು ನಾಚುವದು ಎಷ್ಟು ಬುದ್ಧಿಹೀನತೆ! ೧೯೮೨ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟಿನ ಕಾಲುವೆಯಿಂದ ಸುರಪುರ, ಶಹಾಪುರದ ಹೊಲಗಳಿಗೆ ಕೃಷ್ಣೆಯ ನೀರು ಬಂತು, ಭತ್ತ ಬೆಳೆಯಿತು. ಅದಕ್ಕೋಸ್ಕರ ದೇವರಿಗೆ ಸ್ತೋತ್ರ. ಆದರೆ ಅಕ್ಕಿಯು ಬಂದ ಮೇಲೆ ಜೋಳದ ರೊಟ್ಟಿಯು ಬಡವರ ಊಟವೆಂದು ನಮ್ಮ ಮಕ್ಕಳೇ ಮುಖ ತಿರುವಿದರು. ಆ ಜೋಳವೂ ಸೇರಿದ ಸಿರಿಧಾನ್ಯಗಳಿಗೆ ಲೋಕದ ರಾಷ್ಟ್ರಗಳು ಕೂಡಿ ೨೦೨೩ನೆಯ ವರುಷವನ್ನು ಮೀಸಲಾಗಿ ಇಟ್ಟವು. ನಾವು ಮೂಲೆಗೆ ತಳ್ಳಿದ್ದನ್ನು ಲೋಕವು ಎತ್ತಿ ನೋಡಿತು.

ಒಲೆಯ ಕೆಲಸವು ಹೆಂಗಸರಿಗೆ ಮಾತ್ರ ತಕ್ಕದ್ದೆನ್ನುವವರು ಯೋಹಾನನ ಸುವಾರ್ತೆಯ ಕಡೆಯ ಅಧ್ಯಾಯವನ್ನು ಓದಲಿ. ಪುನರುತ್ಥಾನನಾದ ಕರ್ತನು ರಾತ್ರಿಯೆಲ್ಲಾ ದುಡಿದ ಶಿಷ್ಯರಿಗೋಸ್ಕರ ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನನ್ನೂ ಜೊತೆಗೆ ರೊಟ್ಟಿಯನ್ನೂ ಸಿದ್ಧವಾಗಿಟ್ಟಿದ್ದನು. ಮರಣವನ್ನು ಜಯಿಸಿದಾತನಿಗೆ ಈ ಕೆಲಸವು ಕೀಳಾಗಲಿಲ್ಲ. ನಮ್ಮ ಗಂಡುಮಕ್ಕಳಿಗೆ ಕೀಳಾಗುವದೋ?

ಆದುದರಿಂದ ಮೂರು ಮಾತುಗಳನ್ನು ಹೇಳುತ್ತೇವೆ. ಮೊದಲನೆಯದು, ಹಗ್ಗ ಹರಿದಿದ್ದರೆ ಹಗ್ಗವನ್ನು ಹಾಕಿಸಿರಿ. ಅತಿಥಿಯ ಕಣ್ಣಿಗೋಸ್ಕರ ಸಾಲವನ್ನು ಮಾಡಬೇಡಿರಿ. ಎರಡನೆಯದು, ಮಗನನ್ನೂ ಮಗಳನ್ನೂ ಒಲೆಯ ಬಳಿಗೆ ಕರೆಯಿರಿ. ಚಿಕ್ಕವರಿಗೆ ಬೇಳೆ ಆರಿಸುವದು, ಪುಂಡಿಯ ಎಲೆ ಬಿಡಿಸುವದು, ಹಿಟ್ಟು ನಾದುವದು ಸಾಕು. ಎಸರನ್ನೂ ಬೆಂಕಿಯನ್ನೂ ದೊಡ್ಡವರ ಕೈಯಲ್ಲೇ ಇಟ್ಟುಕೊಳ್ಳಿರಿ. ಮೂರನೆಯದು, ಚೆಲ್ಲಿದ ಹಿಟ್ಟಿಗಾಗಿ ಮಗುವನ್ನು ಗದರಿಸಬೇಡಿರಿ. ಹಿಟ್ಟನ್ನು ತಿರಿಗಿ ಬೀಸಬಹುದು. ಎದ್ದುಹೋದ ಮಗುವನ್ನು ತಿರಿಗಿ ಕೂಡ್ರಿಸಲು ನಮಗೆ ಹನ್ನೆರಡು ವರುಷಗಳು ಹಿಡಿದವು.

ತಿಮೊಥೆಯನ ವಿಶ್ವಾಸವು ಮೊದಲು ಅವನ ಅಜ್ಜಿಯಾದ ಲೋವಿಯಲ್ಲಿಯೂ ಆಮೇಲೆ ತಾಯಿಯಾದ ಯೂನೀಕೆಯಲ್ಲಿಯೂ ಇತ್ತೆಂದು ಪೌಲನು ನೆನಸಿದನು. ಅದೂ ಹಿರಿಯರ ಕೈಯಿಂದ ಬಂದದ್ದೇ. ಅದಕ್ಕೆ ಅವನು ನಾಚಿಕೊಳ್ಳಲಿಲ್ಲ. ನಮ್ಮ ಮನೆಗಳಲ್ಲಿಯೂ ಪ್ರಾರ್ಥನೆಯು ಬಹುಮಟ್ಟಿಗೆ ಒಲೆಯ ಬೆಳಕಿನಲ್ಲಿಯೇ, ರೊಟ್ಟಿಯನ್ನು ಮುರಿಯುವ ಮೊದಲು, ಮಕ್ಕಳ ಕಿವಿಗೆ ಬೀಳುತ್ತದೆ. ಮಗುವು ಅಲ್ಲಿಲ್ಲದಿದ್ದರೆ ಕೇಳುವದು ಹೇಗೆ?

ದಿನದಿನದ ರೊಟ್ಟಿಯನ್ನು ಕೊಡುವ ತಂದೆಯು ಗುಳೆ ಹೋದವರನ್ನು ಕಾಪಾಡಲಿ, ಮನೆಯಲ್ಲಿರುವ ಮುದುಕರನ್ನು ಆಧರಿಸಲಿ, ನಮಗೆ ಚಿಕ್ಕವರ ಸಂಗಡ ತಾಳ್ಮೆಯನ್ನು ದಯಪಾಲಿಸಲಿ. ಆಮೆನ್.