ಮರೆಯ ತೀರವೂ ತೆರೆಯನ್ನು ತಾಳುವ ಬಂಡೆಯೂ



ಕಷ್ಟವು ಬಂದಾಗ ಅದು ತನಗೆ ಯಾಕೆ ಬಂತೆಂದು ಪ್ರತಿ ಮನುಷ್ಯನೂ ಕೇಳುತ್ತಾನೆ. ನೆಮ್ಮದಿಯು ಬಂದಾಗ ಅದು ಯಾರಿಂದ ಬಂತೆಂದು ಕೇಳುವವರು ವಿರಳ. ಆದಕಾರಣ ಈ ಸಾರಿ ಆ ಎರಡನೆಯ ಪ್ರಶ್ನೆಯನ್ನು ಕುರಿತು ನಿಮ್ಮೊಂದಿಗೆ ಸ್ವಲ್ಪ ಆಲೋಚಿಸಬೇಕೆಂದಿದ್ದೇವೆ. ಇದನ್ನು ನಮ್ಮಲ್ಲಿ ಹುಟ್ಟಿಸಿದವನು ನಮ್ಮ ಅಣ್ಣನು. ಹುಟ್ಟಿದ ಸ್ಥಳವು ಗೋಕರ್ಣದ ದಕ್ಷಿಣಕ್ಕಿರುವ ಒಂದು ಚಿಕ್ಕ ಸಮುದ್ರತೀರ.

ನಾವು ವಾಸಿಸುವದು ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ. ಅಲ್ಲಿ ಅಂಗಡಿಗಳ ಸಾಲೂ ವಾಹನಗಳ ಸದ್ದೂ ಬೆಳಗಿನಿಂದ ರಾತ್ರಿಯ ವರೆಗೆ ಬಿಡುವದಿಲ್ಲ. ಅಣ್ಣನು ಭದ್ರಾವತಿಯ ಆಚೆ ಒಂದು ಹಳ್ಳಿಯಲ್ಲಿ ಕಾಲುವೆಯ ನೀರಿನಿಂದ ಗದ್ದೆಯನ್ನು ಮಾಡಿಕೊಂಡಿದ್ದಾನೆ. ಐವತ್ತು ವರುಷಕ್ಕೆ ಸಮೀಪವಾದರೂ ಅವನು ಸಮುದ್ರವನ್ನು ಕಂಡವನಲ್ಲ. ಭತ್ತದ ಕೊಯಿಲು ಮುಗಿದು, ಬೇಸಿಗೆಯ ಬೆಳೆಗೆ ಕಾಲುವೆಯಲ್ಲಿ ನೀರನ್ನು ಬಿಡುವದಕ್ಕೆ ಮುಂಚೆ ಕೆಲವು ದಿನಗಳ ಬಿಡುವು ಸಿಕ್ಕಿತು. ಆಗ ನಾವು ಅವನನ್ನು ಕರಕೊಂಡು ಹೊರಟೆವು.

ಶಿವಮೊಗ್ಗೆಯಿಂದ ಗೋಕರ್ಣಕ್ಕೆ ಸುಮಾರು 200 ಕಿಲೋಮೀಟರು ದಾರಿ. ಬಸ್ಸು ಸಾಗರವನ್ನೂ ತಾಳಗುಪ್ಪವನ್ನೂ ದಾಟಿ, ಜೋಗದ ಸಮೀಪದಿಂದ ಘಟ್ಟವನ್ನಿಳಿದು, ಶರಾವತಿಯ ಕಣಿವೆಯ ಮಗ್ಗುಲಲ್ಲೇ ಹೊನ್ನಾವರಕ್ಕೆ ಹೋಗುತ್ತದೆ. ಅಲ್ಲಿಂದ ಉತ್ತರಕ್ಕೆ ಕುಮಟೆ, ಆಮೇಲೆ ಗೋಕರ್ಣ. ಊರಿನ ದಕ್ಷಿಣದಲ್ಲಿ ಗುಡ್ಡಗಳು ಸಮುದ್ರದೊಳಕ್ಕೆ ಚಾಚಿಕೊಂಡಿವೆ. ಅವುಗಳ ನೆತ್ತಿಯು ಕೆಂಪು ಜಂಬಿಟ್ಟಿಗೆ ಕಲ್ಲು. ಬುಡವು ತೆರೆಯ ಹೊಡೆತದಿಂದ ಸೀಳಿದ ಕರೀ ಬಂಡೆ. ಒಂದು ಗುಡ್ಡಕ್ಕೂ ಮತ್ತೊಂದು ಗುಡ್ಡಕ್ಕೂ ನಡುವೆ ಒಂದೊಂದು ಮಳಲಿನ ತೀರವು ಅಡಗಿದೆ: ಮೊದಲು ಕುಡ್ಲೆ, ತರುವಾಯ ಎರಡು ಬಾಗುಗಳು ಕೂಡಿರುವ ಓಂ ಬೀಚು, ಅದರಾಚೆ ಹಾಫ್ ಮೂನ್ ಎಂದು ಹೆಸರಾದ ಅರ್ಧಚಂದ್ರಾಕಾರದ ತೀರ. ಈ ಕಡೆಯದಕ್ಕೆ ಗಾಡಿಯ ದಾರಿ ಇಲ್ಲ. ಓಂ ಬೀಚಿನಿಂದ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆಯಬೇಕು, ಇಲ್ಲವೆ ದೋಣಿಯಲ್ಲಿ ಹೋಗಬೇಕು.

ನಾವು ನಡೆದೇ ಹೋದೆವು. ಗುಡ್ಡದ ಅಂಚಿನಲ್ಲಿ ಕೆಳಗಿನಿಂದ ತೆರೆಗಳ ಗರ್ಜನೆಯು ಎಷ್ಟಿತ್ತೆಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. ಅಲ್ಲಿಂದ ಇಳಿದು ಮಳಲಿನ ಮೇಲೆ ಕಾಲಿಟ್ಟ ಕೂಡಲೆ ಸದ್ದೆಲ್ಲಾ ಹಿಂದೆ ಉಳಿಯಿತು. ನೀರು ಕೆರೆಯ ನೀರಿನ ಹಾಗೆ ಮೆಲ್ಲಗೆ ಬಂದು ಮೆಲ್ಲಗೆ ಹೋಗುತ್ತಿತ್ತು. ನಾವು, ಇದೆಂಥಾ ಶಾಂತಿ! ಎಂದು ಉದ್ಗರಿಸಿ ಕುಳಿತುಕೊಂಡೆವು. ಅಣ್ಣನು ಕುಳಿತುಕೊಳ್ಳದೆ ಬಂಡೆಗಳ ಕಡೆಗೇ ಬಹಳ ಹೊತ್ತು ನೋಡುತ್ತಾ ನಿಂತು, “ತಮ್ಮಾ, ಬದು ಗಟ್ಟಿಯಾಗಿದ್ದರೆ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಇಲ್ಲಿ ಬದುವಾಗಿ ನಿಂತಿರುವದು ಆ ಕಲ್ಲು. ಅದು ಇಲ್ಲದಿದ್ದರೆ ನೀನು ಕೂತಿರುವ ಜಾಗವೇ ಇರುತ್ತಿರಲಿಲ್ಲ” ಎಂದನು.

ಶಾಲೆಯನ್ನು ಅರ್ಧಕ್ಕೆ ಬಿಟ್ಟವನು ಆಡಿದ ಈ ಮಾತನ್ನು ಭೂಗೋಳ ಬಲ್ಲವರೂ ಒಪ್ಪುತ್ತಾರೆ. ಹೇಗಂದರೆ, ತೆರೆಯು ದಡದ ಬಳಿಗೆ ಬರುವಾಗ ಆಳ ಕಡಿಮೆಯಾದ ಕಡೆಯಲ್ಲಿ ಅದರ ವೇಗವು ಮೊದಲು ಕುಗ್ಗುತ್ತದೆ; ಆಳವಿರುವ ಕಡೆಯಲ್ಲಿ ಅದು ಮುಂದೆ ಓಡುತ್ತದೆ. ಆದಕಾರಣ ನೆಟ್ಟಗೆ ಬರುತ್ತಿದ್ದ ತೆರೆಯ ಸಾಲು ಬಾಗುತ್ತದೆ. ಹೀಗೆ ಬಾಗಿದ ತೆರೆಗಳ ಬಲವು ಸಮುದ್ರಕ್ಕೆ ಚಾಚಿದ ಭೂಶಿರದ ಮೇಲೆ ಒಟ್ಟುಗೂಡುತ್ತದೆ. ಕೊಲ್ಲಿಯೊಳಗೆ ಹರಡಿ ಸಣ್ಣದಾಗುತ್ತದೆ. ಅಂದರೆ ಬಂಡೆಯು ತನ್ನ ಪಾಲಿನ ಹೊಡೆತವನ್ನಲ್ಲದೆ ಕೊಲ್ಲಿಯ ಪಾಲಿನದನ್ನೂ ತಾಳುತ್ತದೆ. ಅದರ ಮೈ ಸವೆದು ಉದುರಿದ ಪುಡಿಯಲ್ಲಿ ಒಂದು ಪಾಲು ನಮ್ಮ ಕಾಲಡಿಯ ಮಳಲಿಗೂ ಸೇರಿರುತ್ತದೆ. ಇಷ್ಟಾದರೂ ಆ ಮರೆಗೆ ಮಿತಿಯುಂಟು. ಮುಂಗಾರಿನ ಕಾಲದಲ್ಲಿ ಇದೇ ತೀರದ ನೀರು ಕೆರಳಿ, ಇಳಿದವರನ್ನು ಎಳಕೊಂಡು ಹೋಗುವಷ್ಟು ಕ್ರೂರವಾಗುತ್ತದೆ.

ನಾವು ಅಣ್ಣನಿಗೆ, “ನೀನೂ ನಮ್ಮ ಪಾಲಿಗೆ ಇಂಥಾ ಬಂಡೆಯೇ. ನಿನ್ನ ತ್ಯಾಗದಿಂದಲೇ ನಾನು ಓದಿದೆನು” ಎಂದೆವು. ಈ ಮಾತನ್ನು ನಾವು ಅನೇಕ ಸಭೆಗಳಲ್ಲಿ ಆಡಿದ್ದೆವು, ಕೇಳಿದವರು ಕಣ್ಣೊರಸಿಕೊಂಡದ್ದೂ ಉಂಟು. ಸಂಗತಿ ಏನಂದರೆ, ತಂದೆಯವರು ತೀರಿಹೋದಾಗ ಅಣ್ಣನಿಗೆ ಹದಿನಾಲ್ಕು ವರುಷ. ಅವನು ಪುಸ್ತಕವನ್ನಿಟ್ಟು ನೇಗಿಲನ್ನು ಹಿಡಿದನು. ನಾವು ಹಾಸ್ಟೆಲಿಗೂ ತರುವಾಯ ಸೆಮಿನರಿಗೂ ಹೋದೆವು. ಆದರೆ ಆ ದಿನ ಅಣ್ಣನು ನಗುತ್ತಾ, “ತ್ಯಾಗವೆಂದರೆ ಕೇಳಿದ ಮೇಲೆ ಕೊಡುವದಲ್ಲವೇ? ನನ್ನನ್ನು ಯಾರು ಕೇಳಿದರು?” ಎಂದನು. ಅವನ ಸ್ವರದಲ್ಲಿ ದೂರು ಇರಲಿಲ್ಲ. ಆದಕಾರಣವೇ ಆ ಮಾತು ನಮ್ಮನ್ನು ಹೆಚ್ಚಾಗಿ ಚುಚ್ಚಿತು.

ವಾಚಕರೇ, ನಾವು ಮಾಡುತ್ತಾ ಬಂದ ತಪ್ಪೇನೆಂಬದನ್ನು ನೋಡಿರಿ. ನಾವು ಉಪಕಾರವನ್ನು ಮರೆತವರಲ್ಲ. ಆದರೆ ಒಬ್ಬ ಬಾಲಕನ ಮೇಲೆ ಬಿದ್ದ ಭಾರಕ್ಕೆ ಒಂದು ಸುಂದರವಾದ ಹೆಸರನ್ನಿಟ್ಟು ನಮ್ಮ ಮನಸ್ಸನ್ನು ಹಗುರ ಮಾಡಿಕೊಂಡೆವು. ತ್ಯಾಗವೆಂದು ಕರೆದ ಮೇಲೆ ಲೆಕ್ಕವು ಮುಗಿದಂತೆ. ಅವನು ತಾನಾಗಿ ಕೊಟ್ಟನು, ನಾವು ಕೈಮುಗಿದೆವು, ಇನ್ನೇನು ಬಾಕಿ? ಕೇಳದೆ ಹೊರಿಸಿದ್ದೆಂದು ಒಪ್ಪಿಕೊಂಡರಾದರೋ ಲೆಕ್ಕವು ತೆರೆದೇ ಇರುತ್ತದೆ.

ಒಂದು ಮನೆಗೆ ಹೇಳಿದ ಈ ಮಾತು ದೇಶಕ್ಕೂ ಸಲ್ಲುತ್ತದೆ. ನಾವು ಬಂದ ದಾರಿಯನ್ನೇ ನೆನಸಿರಿ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಆಣೆಕಟ್ಟು 1964ರಲ್ಲಿ ಮುಗಿಯಿತು. ಆ ನದಿಯ ವಿದ್ಯುತ್ತಿನಿಂದ ನಾಡಿನ ಮನೆಗಳಲ್ಲಿ ದೀಪಗಳು ಉರಿದವು. ಹಿನ್ನೀರಿನಲ್ಲಿ ಸಾವಿರಾರು ಕುಟುಂಬಗಳ ಮನೆಗಳೂ ಗದ್ದೆತೋಟಗಳೂ ಮುಳುಗಿದವು. ಅವರಲ್ಲಿ ಬಹುಮಂದಿ ನಮ್ಮ ಶಿವಮೊಗ್ಗೆಯ ಸೀಮೆಯ ಕಾಡಂಚಿನಲ್ಲಿ ನೆಲೆ ಮಾಡಿಕೊಂಡು, ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದರು. ನೀರಿನಾಚೆ ಉಳಿದ ತುಮರಿ ಮೊದಲಾದ ಹಳ್ಳಿಗಳವರು ಆಸ್ಪತ್ರೆಗೂ ಕಚೇರಿಗೂ ಲಾಂಚಿನಲ್ಲಿಯೇ ದಾಟಬೇಕಾಗಿತ್ತು. ಅಲ್ಲಿ ಸೇತುವೆಯು ತೆರೆದದ್ದು 2025ರ ಜುಲೈ ತಿಂಗಳಲ್ಲಿ. ಭಾಷಣಗಳಲ್ಲಿ ಇವರನ್ನು ಕುರಿತು ನಾಡಿಗಾಗಿ ತ್ಯಾಗ ಮಾಡಿದವರೆಂದು ಹೇಳುವದುಂಟು. ನೀರು ಏರುತ್ತಾ ಮನೆಬಾಗಲಿಗೆ ಬಂದಾಗ ಎದ್ದು ಹೋದವನಿಗೆ ಆ ಹೆಸರು ಹೊಂದುವದೋ? ದುರ್ಗಿಗುಡಿಯ ನಮ್ಮ ಕೋಣೆಯಲ್ಲಿ ದೀಪದ ಬೆಳಕಿನಲ್ಲಿ ಓದುತ್ತಾ ಕುಳಿತಾಗ ನಾವೂ ಅರ್ಧಚಂದ್ರದ ಮಳಲಿನ ಮೇಲೆ ಕುಳಿತವರೇ.

ಹಾಗಾದರೆ ಮರೆಯ ತೀರದಲ್ಲಿ ಕುಳಿತುಕೊಳ್ಳುವದೇ ಪಾಪವೋ ಎಂದು ಒಬ್ಬನು ಕೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಹಾಗಲ್ಲ. ನಾವು ಎದ್ದುಹೋದರೆ ಬಂಡೆಯ ಮೇಲೆ ಬೀಳುವ ತೆರೆಗಳಲ್ಲಿ ಒಂದಾದರೂ ಕಡಿಮೆಯಾಗುವದಿಲ್ಲ. ವಿಶ್ರಾಂತಿಯು ದುಡಿಯುವ ಮನುಷ್ಯನಿಗೆ ಅವಶ್ಯವಾದದ್ದು. ಬರಿಯ ಪಶ್ಚಾತ್ತಾಪದಿಂದ ಯಾರ ಹೊರೆಯೂ ಇಳಿಯುವದಿಲ್ಲ.

ಮತ್ತೊಬ್ಬನು, ಲೋಕದ ಗೊಡವೆಯನ್ನೇ ಬಿಟ್ಟು ಒಂಟಿಯಾಗಿದ್ದರೆ ಯಾರ ಋಣವೂ ಇರುವದಿಲ್ಲವೆಂದು ಹೇಳಾನು. ಇದಕ್ಕೆ ಉತ್ತರವು ಇದೇ ಕರಾವಳಿಯಲ್ಲಿ ಹುಟ್ಟಿದೆ. ಗೋಕರ್ಣದ ಉತ್ತರಕ್ಕೆ, ಗುಡ್ಡಗಳೂ ದ್ವೀಪಗಳೂ ಮರೆಮಾಡಿದ ಕಾರವಾರದ ಕೊಲ್ಲಿಯಿದೆ. ರವೀಂದ್ರನಾಥ ಠಾಕೂರರು ಯೌವನದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಬಳಿಯಲ್ಲಿದ್ದು ‘ಪ್ರಕೃತಿರ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಅದು 1884ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಬ್ಬ ಸಂನ್ಯಾಸಿಯು ಎಲ್ಲಾ ಬಂಧನಗಳನ್ನೂ ಕಡಿದುಕೊಂಡೆನೆಂದು ಹೆಮ್ಮೆಪಡುತ್ತಾನೆ. ಜನರು ಮುಟ್ಟದೆ ದೂರ ಮಾಡಿದ ಒಬ್ಬ ಅನಾಥ ಹುಡುಗಿಯು ಅವನನ್ನು ಆಶ್ರಯಿಸುತ್ತಾಳೆ. ಮಮತೆಗೆ ಹೆದರಿ ಅವನು ಅವಳನ್ನು ಬಿಟ್ಟು ಓಡುತ್ತಾನೆ. ಮನಸ್ಸು ತಿರುಗಿ ಬರುವಷ್ಟರಲ್ಲಿ ಅವಳು ಸತ್ತಿರುತ್ತಾಳೆ. ಅವನ ಏಕಾಂತದ ಬೆಲೆಯನ್ನು ತೆತ್ತವಳು ಆ ಮಗುವೇ. ಅಂಥಾ ಪ್ರಶಾಂತವಾದ ತೀರದಲ್ಲಿ ಕುಳಿತವರ ಲೇಖನಿಯಿಂದ ಇಂಥಾ ಕಥೆಯು ಬಂದದ್ದು ಆಲೋಚನೆಗೆ ಯೋಗ್ಯವಾಗಿದೆ.

ಹಾಗಾದರೆ ಮರೆಯಲ್ಲಿರುವವನು ಮಾಡತಕ್ಕದ್ದೇನು? ನಮಗೆ ಮೂರು ಸಂಗತಿಗಳು ತೋಚುತ್ತವೆ. ಒಂದನೆಯದು, ತನ್ನ ನೆಮ್ಮದಿಯನ್ನು ತನ್ನ ಯೋಗ್ಯತೆಯ ಫಲವೆಂದು ಎಣಿಸದೆ, ತೆರೆಯನ್ನು ತಾಳಿದವರು ಯಾರೆಂದು ತಿಳುಕೊಳ್ಳುವದು. ಎರಡನೆಯದು, ಅವರಿಗಾದದ್ದನ್ನು ಸರಿಯಾದ ಹೆಸರಿನಿಂದ ಕರೆಯುವದು. ಕೊಟ್ಟದ್ದನ್ನು ಕೊಟ್ಟದ್ದೆಂದೂ ಹೊರಿಸಿದ್ದನ್ನು ಹೊರಿಸಿದ್ದೆಂದೂ ಹೇಳಬೇಕು. ಮೂರನೆಯದು, ತನ್ನ ಸರದಿಯು ಬಂದಾಗ ತಾನೂ ಹೊರಗಡೆಯಲ್ಲಿ ನಿಲ್ಲುವದು. ಯಾಕಂದರೆ ಕಲ್ಲನ್ನು ಕೇಳುವಂತಿಲ್ಲ, ಅದು ಸ್ಥಳವನ್ನು ಬಿಟ್ಟು ಕದಲಲಾರದು. ಮನುಷ್ಯನನ್ನಾದರೋ ಕೇಳಬಹುದು, ಅವನ ಸ್ಥಳದಲ್ಲಿ ಮತ್ತೊಬ್ಬನು ನಿಲ್ಲಲೂಬಹುದು. ಯೆಶಾಯ ಪ್ರವಾದಿಯು ಗಾಳಿಮಳೆಗೆ ಮರೆಯನ್ನೂ ದೊಡ್ಡ ಬಂಡೆಯ ನೆರಳನ್ನೂ ಹೇಳಿದಾಗ ಹೋಲಿಸಿದ್ದು ಮನುಷ್ಯರನ್ನೇ ಎಂಬದನ್ನು ನೀವು ಬಲ್ಲಿರಿ.

ಆ ಮಧ್ಯಾಹ್ನ ಅಣ್ಣನು ಬಂಡೆಯ ನೆರಳಿನಲ್ಲಿ ಟವಲನ್ನು ಹಾಸಿ ಎರಡು ತಾಸು ನಿದ್ರೆ ಮಾಡಿದನು. ಹಗಲಲ್ಲಿ ಅವನು ಮಲಗಿದ್ದನ್ನು ನಾವು ಕಂಡದ್ದು ಅದೇ ಮೊದಲು. ಎಚ್ಚತ್ತಾಗ ಅವನು ಮೊದಲು ಆಡಿದ ಮಾತು, “ಅಮ್ಮನ ಹತ್ತಿರ ನಿಮ್ಮ ಅತ್ತಿಗೆ ಒಬ್ಬಳೇ ಇದ್ದಾಳೆ.” ನಮ್ಮ ತಾಯಿಯವರು ಹಾಸಿಗೆ ಹಿಡಿದು ಎರಡು ವರುಷವಾಗಿದೆ. ಅವರನ್ನು ಎತ್ತಿ ಕೂರಿಸಿ, ಊಟ ಮಾಡಿಸಿ, ರಾತ್ರಿ ಎದ್ದು ನೋಡುವವರು ಅತ್ತಿಗೆಯವರು. ಅವರು ಅಲ್ಲಿ ನಿಂತಿದ್ದರಿಂದಲೇ ನಾವಿಬ್ಬರೂ ಇಲ್ಲಿ ಬಂದು ಬಂಡೆಯನ್ನೂ ತ್ಯಾಗವನ್ನೂ ಕುರಿತು ಮಾತಾಡುತ್ತಿದ್ದೆವು. ಹೊರಡುವಾಗ ಅವರಿಗೆ ಸಮ್ಮತಿಯಿದೆಯೋ ಎಂದು ಅಣ್ಣನೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಇದನ್ನು ಹೇಳಿದಾಗ ಅಣ್ಣನು ಸುಮ್ಮನಾಗಿ ಮಳಲನ್ನು ಕೈಯಿಂದ ಕೊಡವಿಕೊಂಡನು.

ಊರಿಗೆ ತಿರುಗಿ ಬಂದ ಮೇಲೆ ತಾಯಿಯವರನ್ನು ದುರ್ಗಿಗುಡಿಯ ನಮ್ಮ ಮನೆಗೆ ಕರತಂದೆವು. ಅತ್ತಿಗೆಯವರನ್ನು, ನೀವೂ ಸಮುದ್ರವನ್ನು ನೋಡಿಕೊಂಡು ಬರುವಿರಾ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಸಮುದ್ರ ಬೇಡ. ತವರಿಗೆ ಹೋಗಿ ಎಂಟು ದಿವಸ ಇದ್ದು ಬರುತ್ತೇನೆ” ಎಂದರು. ಹೋದರು.

ತಾಯಿಯವರು ರಾತ್ರಿ ಮೂರು ನಾಲ್ಕು ಸಾರಿ ಕರೆಯುತ್ತಾರೆ. ಈ ಲೇಖನವನ್ನು ಒಂದೇ ಸಾರಿ ಕುಳಿತು ಮುಗಿಸುವದು ನಮ್ಮಿಂದಾಗಲಿಲ್ಲ. ಇದರಲ್ಲಿ ಮಾತು ಅಲ್ಲಲ್ಲಿ ತುಂಡಾಗಿ ಕಂಡರೆ ವಾಚಕರು ಕ್ಷಮಿಸಬೇಕು.