ಹಿಮದ ಮೇಲಣ ಸಂಚಾರವೂ ದಿಗ್ವ್ರತವೂ

ರಾಯಚೂರಿನ ಬಿಸಿಲಿನಲ್ಲಿ ಕುಳಿತು ಹಿಮದ ಮಾತೇಕೆಂದು ವಾಚಕರು ಕೇಳಬಹುದು. ಅಮೆರಿಕೆಯಲ್ಲಿ ಸ್ನೋಮೊಬೈಲ್ ಎಂಬ ಯಂತ್ರವನ್ನೇರಿ, ದಾರಿಯಿಲ್ಲದ ಬೆಟ್ಟಗಳ ಆಳವಾದ ಪುಡಿಹಿಮದಲ್ಲಿ ವಿನೋದಕ್ಕಾಗಿ ಓಡಾಡುವವರಿದ್ದಾರೆ. ಅವರು ಎಲ್ಲಿಯವರೆಗೆ ಹೋಗಬಹುದೆಂಬುದು ಅಲ್ಲಿ ಬಹುಕಾಲದ ವ್ಯಾಜ್ಯ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 2004ರಲ್ಲಿ ದಿನಕ್ಕೆ 720 ಯಂತ್ರಗಳೆಂದು ಮಿತಿ ವಿಧಿಸಿದರು. 2009ರಲ್ಲಿ ಅದು 318ಕ್ಕೆ ಇಳಿಯಿತು. ಅದೂ ರಸ್ತೆಗಳ ಮೇಲೆ ಮಾತ್ರ.

ಹಿಮಕ್ಕೂ ನೆಲಕ್ಕೂ ನಡುವಣ ಕಿರಿದಾದ ಎಡೆಯಲ್ಲಿ ಇಲಿಯಂತಹ ಸಣ್ಣ ಜೀವಿಗಳು ಚಳಿಗಾಲವನ್ನು ಕಳೆಯುತ್ತವೆ. ಯಂತ್ರದ ಭಾರಕ್ಕೆ ಹಿಮವು ಒತ್ತಿಕೊಂಡರೆ ಆ ಎಡೆ ಮುಚ್ಚಿ, ಶೀತವು ನೆಲಕ್ಕಿಳಿಯುತ್ತದೆ. ಸವಾರನಿಗೆ ಇದೊಂದೂ ಕಾಣದು. ಮಳೆನೆಲದ ಕಾಣದ ಜೀವರಾಶಿಗಾಗಿ ಮುನಿಗಳು ಚಾತುರ್ಮಾಸ್ಯದಲ್ಲಿ ಒಂದೆಡೆ ನಿಲ್ಲುವುದನ್ನು ಬಲ್ಲ ನಮಗೆ ಈ ಸಂಗತಿ ಅಪರಿಚಿತವೇನಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನ ಸಂಚಾರವನ್ನು ಅನರ್ಥದಂಡದೊಳಗೆ ಎಣಿಸಿದ್ದಾರೆ. ದಿಗ್ವ್ರತದ ಎಲ್ಲೆಗಳಾಗಿ ನದಿ, ಅಡವಿ, ಗಿರಿಗಳನ್ನು ಹೇಳಿದ್ದಾರೆ. ದೇವದುರ್ಗದ ಶ್ರಾವಕನಿಗೆ ಕೃಷ್ಣೆಯೂ ಮಾನ್ವಿಯವನಿಗೆ ತುಂಗಭದ್ರೆಯೂ ಸಿದ್ಧವಾಗಿಯೇ ಇವೆ!

ಬೆಟ್ಟವು ಸರ್ವರ ಸೊತ್ತು, ತಡೆಯುವವರಾರು ಎಂಬ ಸವಾರನ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ತಡೆಯುವವರಾರೂ ಇಲ್ಲದಾಗ ತಾನು ಎಲ್ಲಿ ನಿಲ್ಲಬೇಕೆಂಬುದು ವ್ರತಿಯ ಪ್ರಶ್ನೆ. ರಜೆಯಲ್ಲಿ ಜೀಪನ್ನೇರಿ ಮಲೆನಾಡಿನ ಹುಲ್ಲುಗುಡ್ಡಗಳಿಗೆ ಹೊರಡುವ ನಮ್ಮ ಮನೆಯ ಮಕ್ಕಳಿಗೂ ಅದನ್ನು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಈ ದಶಲಕ್ಷಣ ಪರ್ವಕ್ಕೆ ನಾನಂತೂ ಎರಡು ನದಿಗಳ ನಡುವಣ ನೆಲವನ್ನೇ ದೇಶವ್ರತದ ಮೇರೆಯಾಗಿ ಸ್ವೀಕರಿಸಿದ್ದೇನೆ.